ಹತ್ತಿ ಕಡ್ಡಿ ಊರಿದರೆ ಬೀಜದ ಖರ್ಚು ಉಳಿದೀತೇ?



ಹೋದ ವರ್ಷ ಮುಂಗಾರಿಗೆ ಮೊದಲು ಸಿರುಗುಪ್ಪ ತಾಲೂಕಿನ ಒಂದು ಊರಿನಲ್ಲಿ ಸಂಘದ ವಾರದ ಸಭೆ ನಡೆದಿತ್ತು. ಉಳಿತಾಯದ ಹಣ ಎಣಿಸಿ ಆಗಿತ್ತು, ಸಾಲದ ಅರ್ಜಿ ಬರೆಯುತ್ತಿದ್ದರು. ಆರು ಮಂದಿ ಕೇಳಿದ್ದು ಹತ್ತಿ ಬೀಜಕ್ಕೆ ಸಾಲ. ಆಗ ಮೂಲೆಯಲ್ಲಿ ಕೂತಿದ್ದ ಹಿರಿಯ ಸದಸ್ಯೆ ಒಬ್ಬರು ಕೇಳಿದರು: "ಸಿಸ್ಟರ್, ದಾಸವಾಳದ ಕಡ್ಡಿ ಊರಿದ್ರ ಬರ್ತೈತಿ. ಅಂಜೂರದ ಕಡ್ಡಿ ಊರಿದ್ರ ಬರ್ತೈತಿ. ಹತ್ತಿ ಕಡ್ಡಿ ಯಾಕ ಊರಬಾರ್ದು? ವರ್ಷಾ ವರ್ಷಾ ಸಾಲ ಮಾಡಿ ಪಾಕೀಟು ಯಾಕ ತರಬೇಕು?"

ಕೆಲವರು ನಕ್ಕರು. ಪಿಯುಸಿ ಓದಿದ ಸೊಸೆಯೊಬ್ಬಳು ಮಾತ್ರ ನಗಲಿಲ್ಲ. "ಅತ್ತಿ ಕೇಳಿದ್ದು ಸರಿ ಐತ್ರಿ. ವರ್ಣತಂತು ಡಬಲ್ ಮಾಡಿದ್ರ ಹೈಬ್ರಿಡ್ ಗಿಡಾ ಬೀಜ ಕೊಡ್ತೈತಿ ಅಂತ ನಮ್ಮ ಪುಸ್ತಕದಾಗ ಇತ್ತು" ಅಂದಳು.

ನನಗೆ ಉತ್ತರ ಗೊತ್ತಿರಲಿಲ್ಲ. ನಾನು ಓದಿದ್ದು ಸಮಾಜ ಕಾರ್ಯ, ಬೇಸಾಯವಲ್ಲ. ಗೊತ್ತಿಲ್ಲ ಎಂದು ಹೇಳಿ ಬಂದೆ. ಆಮೇಲೆ ಕೃಷಿ ಓದಿದವರನ್ನು ಕೇಳಿದೆ, ಪುಸ್ತಕ ನೋಡಿದೆ, ಬೀಜದ ಹೊಲದಲ್ಲಿ ಕೆಲಸ ಮಾಡುವ ಅಕ್ಕಂದಿರ ಜೊತೆ ಕೂತೆ. ಆ ಇಬ್ಬರು ಅತ್ತೆ-ಸೊಸೆಯರ ಪ್ರಶ್ನೆಗೆ ಉತ್ತರವೇ ಈ ತಿಂಗಳ ಪಾಠ. ಓದು ಬಾರದ ಸದಸ್ಯೆಯರಿಗೆ ಪ್ರೇರಕಿಯರು ನಿಧಾನವಾಗಿ ಓದಿ ಹೇಳಬೇಕು. ಒಂದೇ ಸಭೆಯಲ್ಲಿ ಮುಗಿಸಬೇಕೆಂದೇನಿಲ್ಲ.

ನಮ್ಮ ನೆಲದ ಹತ್ತಿ, ಹೊರಗಿನಿಂದ ಬಂದ ಹತ್ತಿ

ಬಟ್ಟೆಗಾಗಿ ಬೆಳೆಯುವ ಹತ್ತಿಯಲ್ಲಿ ನಾಲ್ಕು ಜಾತಿ ಇವೆ. ಎರಡು ನಮ್ಮ ಕಡೆಯ ಜವಾರಿ ಹತ್ತಿ. ಇನ್ನೆರಡು ಅಮೆರಿಕ ಖಂಡದಿಂದ ಬಂದವು: ಒಂದನ್ನು ಅಮೆರಿಕನ್ ಹತ್ತಿ ಎನ್ನುತ್ತೇವೆ, ಇನ್ನೊಂದನ್ನು ಈಜಿಪ್ಟಿನ ಹತ್ತಿ ಎನ್ನುತ್ತೇವೆ. ಈಜಿಪ್ಟಿನದಕ್ಕೆ ಎಳೆ ಬಹಳ ಉದ್ದ, ಹೂವು ಹಳದಿ, ಹೂವಿನ ಬುಡದಲ್ಲಿ ಕೆಂಪು ಮಚ್ಚೆ.

ನಮ್ಮ ಬಳ್ಳಾರಿಯ ಎರೆ ಹೊಲಗಳಲ್ಲಿ ಅಜ್ಜಂದಿರ ಕಾಲಕ್ಕೆ ಇದ್ದದ್ದು ಜವಾರಿ ಹತ್ತಿ. ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. ನಮ್ಮ ಕಡೆಯ ಮತ್ತು ಕರ್ನೂಲು ಕಡೆಯ ಹತ್ತಿಗೆ ಪೇಟೆಯಲ್ಲಿ "ವೆಸ್ಟರ್ನ್ಸ್" ಎಂಬ ಹೆಸರಿತ್ತು. 1906ರಲ್ಲಿ ಹಗರಿಯಲ್ಲಿ ಸರಕಾರದ ಕೃಷಿ ಸಂಶೋಧನಾ ಕೇಂದ್ರ ಆಯಿತು. ಅಲ್ಲಿ ಆರಿಸಿ ತೆಗೆದ ಜವಾರಿ ಹತ್ತಿಯ ತಳಿಗೆ ಹಗರಿ-1 ಎಂದೇ ಹೆಸರು. ಮಳೆ ಕೈಕೊಟ್ಟರೂ ಈ ಹತ್ತಿ ತಡೆಯುತ್ತಿತ್ತು, ರಸ ಹೀರುವ ಹುಳಕ್ಕೆ ಅಷ್ಟಾಗಿ ಬಗ್ಗುತ್ತಿರಲಿಲ್ಲ. ಆದರೆ ಎಳೆ ಗಿಡ್ಡ, ಇಳುವರಿ ಕಡಿಮೆ. ಬೀಜ ಮಾತ್ರ ಮನೆಯದೇ. ಅರಳೆ ಬಿಡಿಸಿ ಕಾಳನ್ನು ಸಗಣಿ ನೀರಿನಲ್ಲಿ ಉಜ್ಜಿ ಬಿತ್ತುತ್ತಿದ್ದದ್ದು ನಿಮ್ಮಲ್ಲಿ ಹಿರಿಯರಿಗೆ ನೆನಪಿರಬಹುದು.

ಆಮೇಲೆ ಹೈಬ್ರಿಡ್ ಬಂತು. 1970ರಲ್ಲಿ ಗುಜರಾತಿನ ಸೂರತ್ತಿನಲ್ಲಿ ಡಾ. ಸಿ. ಟಿ. ಪಟೇಲರು ಎಚ್-4 ಎಂಬ ತಳಿ ಕೊಟ್ಟರು. ರೈತರ ಹೊಲಕ್ಕೆ ಬಂದ ಹೈಬ್ರಿಡ್ ಹತ್ತಿಯಲ್ಲಿ ಲೋಕಕ್ಕೇ ಅದು ಮೊದಲನೆಯದು. ಎರಡು ವರ್ಷದಲ್ಲಿ, 1972ರಲ್ಲಿ, ನಮ್ಮ ಧಾರವಾಡದಲ್ಲಿ ಡಾ. ಬಿ. ಎಚ್. ಕಟರಕಿಯವರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಲಕ್ಷ್ಮಿ ಎಂಬ ಅಮೆರಿಕನ್ ಹತ್ತಿಗೆ ಈಜಿಪ್ಟಿನ ಜಾತಿಯ ಹತ್ತಿಯ ಪರಾಗ ಮುಟ್ಟಿಸಿ ವರಲಕ್ಷ್ಮಿ ತಳಿ ಮಾಡಿದರು. ತಾಯಿಯಿಂದ ಇಳುವರಿ, ತಂದೆಯಿಂದ ಉದ್ದ ಎಳೆ. 1981ರಲ್ಲಿ ಅಲ್ಲಿಂದಲೇ ಡಿಸಿಎಚ್-32 ಬಂತು, ಅದಕ್ಕೆ ಜಯಲಕ್ಷ್ಮಿ ಅಂತಲೂ ಹೆಸರು. ವರಲಕ್ಷ್ಮಿ ಹಾಕಿ ಮನೆ ಕಟ್ಟಿಸಿದೆವು ಅನ್ನುವ ಅಜ್ಜಂದಿರು ಈಗಲೂ ಸಿಗುತ್ತಾರೆ. ಅದೇ ಹೊತ್ತಿಗೆ ಮನೆಯ ಬೀಜದ ಗಡಿಗೆ ಖಾಲಿ ಆಯಿತು, ಅದನ್ನೂ ಹೇಳಬೇಕು.

ಹೈಬ್ರಿಡ್ ಬೀಜ ಆಗುವುದು ಬೆರಳಿನಿಂದ

ಬಳ್ಳಾರಿ ನಗರದ ನಮ್ಮ ಸಂಘಗಳಲ್ಲಿ ಜೀನ್ಸ್ ಹೊಲಿಯುವ ಅಕ್ಕಂದಿರು ಇದ್ದಾರೆ. ಅವರಿಗೆ ಹತ್ತಿ ಹೊಲ ಗೊತ್ತಿಲ್ಲದೆ ಇರಬಹುದು, ಆದ್ದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕ್ರಾಸಿಂಗಿಗೆ ಹೋಗುವವರು ತಪ್ಪಿದ್ದರೆ ತಿದ್ದಿರಿ.

ಹತ್ತಿಯ ಒಂದೇ ಹೂವಿನಲ್ಲಿ ಗಂಡೂ ಇದೆ, ಹೆಣ್ಣೂ ಇದೆ. ಬಿಟ್ಟರೆ ತನ್ನ ಪರಾಗ ತಾನೇ ತಗೊಂಡು ಕಾಯಿ ಕಟ್ಟುತ್ತದೆ. ಹೈಬ್ರಿಡ್ ಆಗಬೇಕಾದರೆ ತಾಯಿ ಗಿಡದ ಹೂವಿನಲ್ಲಿ ಗಂಡು ಭಾಗ ಇರಬಾರದು. ಅದಕ್ಕೆ ನಾಳೆ ಅರಳುವ ಮೊಗ್ಗನ್ನು ಇವತ್ತು ಮಧ್ಯಾಹ್ನದ ಮೇಲೆ ಹುಡುಕಬೇಕು. ಹೆಬ್ಬೆರಳಿನ ಉಗುರಿನಿಂದ ಬುಡದಲ್ಲಿ ಗೀರಿ, ಪಕಳೆಯ ಜೊತೆಗೆ ಪರಾಗದ ಕೊಳವೆಯನ್ನೂ ತಿರುವಿ ಎಳೆಯಬೇಕು. ನಡುವಿನ ಕಡ್ಡಿಗೆ, ಕೆಳಗಿನ ಎಳೆ ಕಾಯಿಗೆ ಉಗುರು ತಾಗಬಾರದು. ತಾಗಿದರೆ ಕಾಯಿ ಉದುರಿತು. ಮೇಲೆ ಬಣ್ಣದ ಕಾಗದದ ಚೀಲ ಹಾಕುತ್ತಾರೆ, ಮರುದಿನ ಹುಡುಕಲು ಸುಲಭ. ಬೆಳಿಗ್ಗೆ ಬಿಸಿಲೇರುವ ಮೊದಲು ಗಂಡು ಸಾಲಿನ ಹೂ ಕಿತ್ತು ತಂದು ಆ ಕಡ್ಡಿಗೆ ಮೆಲ್ಲಗೆ ಸವರಬೇಕು. ಒಂದು ಗಂಡು ಹೂವು ನಾಲ್ಕೈದು ಹೆಣ್ಣು ಹೂವಿಗೆ ಸಾಕು. ಆಮೇಲೆ ತೊಟ್ಟಿಗೆ ದಾರ. ದಾರ ಇಲ್ಲದ ಕಾಯಿ ಬೀಜಕ್ಕೆ ಬರುವುದಿಲ್ಲ.

ಎರಡು ತಿಂಗಳ ಹತ್ತಿರ ದಿನಾ ಇದೇ ಕೆಲಸ. ಒಂದೊಂದು ಕಾಯಿಗೂ ಎರಡು ಸಲ ಕೈ. ಪೇಟೆಯಲ್ಲಿ ಮಿಂಚುವ ಪಾಕೀಟಿನೊಳಗೆ ಇರುವ ಪ್ರತಿ ಕಾಳಿನ ಹಿಂದೆ ಒಬ್ಬ ಹೆಣ್ಣುಮಗಳ ಉಗುರು ಇದೆ. ಪಾಕೀಟಿನ ಮೇಲೆ ಕಂಪನಿಯ ಹೆಸರು ಮಾತ್ರ ಇರುತ್ತದೆ.

ಹೈಬ್ರಿಡ್ ಹೊಲದ ಬೀಜ ಇಟ್ಟುಕೊಂಡರೆ?

ಕಡ್ಡಿಯ ಮಾತಿಗೆ ಮೊದಲು ಇದು ತಿಳಿಯಬೇಕು. ಎಲ್ಲ ಜೀವಿಗಳ ಮೈಯಲ್ಲೂ ಗುಣಗಳನ್ನು ಹೊತ್ತ ಸಣ್ಣ ಎಳೆಗಳಿವೆ. ಅವಕ್ಕೆ ವರ್ಣತಂತು ಎನ್ನುತ್ತಾರೆ. ಅವು ಇರುವುದು ಜೋಡಿಯಾಗಿ, ಜೋಡೆತ್ತಿನ ಹಾಗೆ. ಪ್ರತಿ ಜೋಡಿಯಲ್ಲಿ ಒಂದು ತಾಯಿ ಕೊಟ್ಟದ್ದು, ಒಂದು ತಂದೆ ಕೊಟ್ಟದ್ದು. ಹೈಬ್ರಿಡ್ ಗಿಡದಲ್ಲಿ ಎರಡು ಎತ್ತೂ ಬೇರೆ ಬೇರೆ ಮನೆತನದವು. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಅದರ ಜೋರು ಇರುವುದೇ ಈ ಬೆರಕೆಯಲ್ಲಿ. ಹೊಲದ ಗಿಡವೆಲ್ಲ ಒಂದೇ ಸಮ ಇರುತ್ತದೆ, ಯಾಕೆಂದರೆ ಎಲ್ಲಕ್ಕೂ ಅದೇ ತಾಯಿ, ಅದೇ ತಂದೆ.

ಆ ಗಿಡ ತಾನೇ ಬೀಜ ಕಟ್ಟುವಾಗ ಜೋಡಿ ಬಿಚ್ಚಿಹೋಗುತ್ತದೆ. ಯಾವ ಎತ್ತು ಯಾವ ಕಾಳಿಗೆ ಹೋಗುತ್ತದೋ ಹೇಳುವ ಹಾಗಿಲ್ಲ. ಒಂದು ಜೋಡಿಯ ಲೆಕ್ಕ ಹಿಡಿದರೆ, ಮುಂದಿನ ಪೀಳಿಗೆಯ ನಾಲ್ಕು ಗಿಡದಲ್ಲಿ ಎರಡಕ್ಕೆ ಮಾತ್ರ ಮೊದಲಿನ ಬೆರಕೆ ಉಳಿಯುತ್ತದೆ. ಒಂದು ಅಜ್ಜಿಯ ಕಡೆಗೆ, ಒಂದು ಅಜ್ಜನ ಕಡೆಗೆ ವಾಲುತ್ತದೆ. ಎಲ್ಲ ಜೋಡಿಗಳಲ್ಲೂ ಹೀಗೇ ಆದರೆ ಒಂದು ಗಿಡ ಎದೆಮಟ್ಟ, ಪಕ್ಕದ್ದು ಮೊಣಕಾಲುದ್ದ. ಒಂದರ ಎಳೆ ಉದ್ದ, ಒಂದರದ್ದು ಗಿಡ್ಡ. ಬೀಟಿ ಹತ್ತಿಯಾದರೆ ಇನ್ನೂ ಒಂದು ತೊಂದರೆ: ಒಂದು ಬೀಟಿ ಜೀನಿನ ಲೆಕ್ಕಕ್ಕೆ ನಾಲ್ಕರಲ್ಲಿ ಒಂದು ಗಿಡಕ್ಕೆ ಆ ಗುಣವೇ ಬರುವುದಿಲ್ಲ. ಹುಳಕ್ಕೆ ಅಲ್ಲಿ ಊಟ, ಪಕ್ಕದ ಗಿಡದಲ್ಲಿ ವಿಷಕ್ಕೆ ಒಗ್ಗಿಕೊಳ್ಳುವ ತರಬೇತಿ.

ಕುರುಗೋಡು ತಾಲೂಕಿನ ಒಂದು ಊರಲ್ಲಿ ನಾನು ಇದನ್ನು ಕಣ್ಣಾರೆ ಕಂಡೆ. ಬೀಜದ ಹೊಲದಲ್ಲಿ ಕೆಲಸ ಮಾಡುವವನೊಬ್ಬ "ಇದು ಸೀಡ್ಸ್ ಪ್ಲಾಟಿನ ಬೀಜಾನೇ ಅಕ್ಕಾ, ಪಾಕೀಟಿನ ರೊಕ್ಕ ಯಾಕ ಕೊಡ್ತೀರಿ" ಎಂದು ಬಿಡಿ ಬೀಜ ಮಾರಿದ. ದಾರ ಕಟ್ಟದ ಕಾಯಿಯ ಬೀಜ ಇರಬಹುದು, ಹೈಬ್ರಿಡ್ ಹೊಲದಲ್ಲಿ ಬಿಡಿಸಿದ್ದೇ ಇರಬಹುದು. ಇಬ್ಬರು ಸದಸ್ಯೆಯರು ಸಂಘದ ಸಾಲದಲ್ಲಿ ಕೊಂಡರು. ಗಿಡ ಬಂತು, ಆದರೆ ಹೊಲ ನೋಡಿದರೆ ಜಾತ್ರೆಯ ಗುಂಪಿನ ಹಾಗೆ, ಒಬ್ಬರ ಎತ್ತರ ಒಬ್ಬರಿಗಿಲ್ಲ. ಹತ್ತಿ ಮಿಶ್ರ ಎಂದು ದರ ಕಡಿಮೆ ಹಾಕಿದರು. ರಸೀದಿ ಇಲ್ಲ, ಪಾಕೀಟು ಇಲ್ಲ, ಯಾರ ಮೇಲೆ ದೂರು ಕೊಡುವುದು? ಸಂಘದ ಕಂತನ್ನು ಒಬ್ಬರು ಕೂಲಿ ಮಾಡಿ ಕಟ್ಟಿದರು, ಇನ್ನೊಬ್ಬರು ಕಿವಿಯೋಲೆ ಅಡವಿಟ್ಟರು. ಸಾಲ ಕೊಡುವಾಗ ಯಾವ ಬೀಜ ಎಂದು ನಾವೂ ಕೇಳಿರಲಿಲ್ಲ. ಆ ತಪ್ಪಿನಲ್ಲಿ ನನ್ನ ಪಾಲೂ ಇದೆ.

ಶುಭಸಂದೇಶದಲ್ಲಿ ಬಿತ್ತುವವನ ಸಾಮತಿ ಇದೆಯಲ್ಲ, ಅಲ್ಲಿ ಬೀಜ ಒಂದೇ, ನೆಲ ನಾಲ್ಕು ಥರ. ಇವರ ಹೊಲದಲ್ಲಿ ನೆಲ ಒಂದೇ ಇತ್ತು, ಬೀಜವೇ ನಾಲ್ಕು ಥರ.

ಕಡ್ಡಿ ಊರಿದರೆ ಏನಾಗುತ್ತದೆ?

ಈಗ ಅತ್ತೆಯ ಪ್ರಶ್ನೆ. ಅವರು ಕೇಳಿದ್ದು ಬಹಳ ಬುದ್ಧಿವಂತಿಕೆಯ ಮಾತು. ಕಡ್ಡಿಯಿಂದ ಬಂದ ಗಿಡದಲ್ಲಿ ಜೋಡಿ ಬಿಚ್ಚುವುದೇ ಇಲ್ಲ. ತಾಯಿಯ ಮೈಯೇ ಮುಂದುವರಿಯುತ್ತದೆ, ಹೈಬ್ರಿಡ್ ಹೈಬ್ರಿಡ್ ಆಗಿಯೇ ಉಳಿಯುತ್ತದೆ. ನಮ್ಮ ಬಳ್ಳಾರಿ ಅಂಜೂರ ಹೆಸರುವಾಸಿ, ಅದು ಬೆಳೆಯುವುದು ಕಡ್ಡಿಯಿಂದ. ಹಡಗಲಿಯ ಮಲ್ಲಿಗೆಯೂ ಹಾಗೆಯೇ. ಬಾಳೆಗೆ ಬೀಜವೇ ಇಲ್ಲ, ಕಂದು ಕಿತ್ತು ನೆಡುತ್ತೇವೆ. ಹತ್ತಿ, ದಾಸವಾಳ, ಬೆಂಡಿ, ಪುಂಡಿ ಎಲ್ಲ ಒಂದೇ ಕುಟುಂಬದವು. ಹತ್ತಿಯೂ ಮೂಲದಲ್ಲಿ ಹಲವು ವರ್ಷ ಬಾಳುವ ಗಿಡ. ನಾವು ಒಂದೇ ಬೆಳೆಗೆ ಕಿತ್ತು ಹಾಕುತ್ತೇವೆ ಅಷ್ಟೇ. ಆದ್ದರಿಂದ ಹತ್ತಿಯ ಕಡ್ಡಿ ಬೇರು ಬಿಡುತ್ತದೆ.

ಆ ಹಿರಿಯ ಸದಸ್ಯೆ ನನ್ನ ಉತ್ತರಕ್ಕೆ ಕಾಯಲಿಲ್ಲ. ಶ್ರಾವಣದಲ್ಲಿ ಹೊಲದ ಹೈಬ್ರಿಡ್ ಗಿಡದಿಂದ ಹತ್ತು ಕಡ್ಡಿ ತಂದರು. ತೀರ ಎಳೆಯದಲ್ಲ, ತೀರ ಬಲಿತದ್ದೂ ಅಲ್ಲ. ಒಂದೊಂದು ಗೇಣಿಗೆ ಸ್ವಲ್ಪ ಕಡಿಮೆ, ಮೂರ್ನಾಲ್ಕು ಗಿಣ್ಣು. ಕೆಳಗಿನ ಎಲೆ ತೆಗೆದು, ಮೇಲಿನ ಎಲೆ ಅರ್ಧ ಕತ್ತರಿಸಿ, ಹಳೆಯ ಬೋಗುಣಿಯಲ್ಲಿ ಹಳ್ಳದ ಮರಳು ತುಂಬಿ ಊರಿದರು. ಸೊಸೆ ಬೇರು ಬಿಡಿಸುವ ಪುಡಿ ತಂದಳು, ನರ್ಸರಿಗಳಲ್ಲಿ ಸಿಗುತ್ತದೆ. ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ ನೆರಳಲ್ಲಿ ಇಟ್ಟರು. ಹತ್ತರಲ್ಲಿ ಏಳು ಕೊಳೆತವು. ಮೂರು ಬೇರು ಬಿಟ್ಟವು. ಸಂಕ್ರಾಂತಿ ಕಳೆದ ಮೇಲೆ ನಾನು ಹೋದಾಗ ಬಚ್ಚಲ ನೀರಿನ ಪಕ್ಕ ಮೂರೂ ಗಿಡ ಹೂವು ಬಿಟ್ಟಿದ್ದವು. ಮೂರೂ ಒಂದೇ ಅಚ್ಚಿನವು. "ನೋಡ್ರಿ ಸಿಸ್ಟರ್, ನೀವೇ ನಕ್ಕಿದ್ರಿ" ಅಂದರು. ನಾನು ನಕ್ಕಿರಲಿಲ್ಲ, ಆದರೂ ಸುಮ್ಮನಿದ್ದೆ.

ಮೂರು ಗಿಡಕ್ಕೆ ಇದು ಸರಿ. ಒಂದು ಎಕರೆಗೆ ಲೆಕ್ಕ ಹಾಕೋಣ. ಸಾಲಿನಿಂದ ಸಾಲಿಗೆ 3 ಅಡಿ, ಗಿಡದಿಂದ ಗಿಡಕ್ಕೆ 2 ಅಡಿ ಎಂದರೆ ಎಕರೆಗೆ 7,260 ಗಿಡ. ಹತ್ತಕ್ಕೆ ಮೂರೇ ಉಳಿಯುವುದಾದರೆ 24,200 ಕಡ್ಡಿ ಊರಬೇಕು. ಮರಳು, ನೆರಳು, ನೀರು, ಚೀಲ, ಒಂದು ತಿಂಗಳ ಆರೈಕೆ. ಬೀಜಕ್ಕೆ ಎಷ್ಟಾಗುತ್ತದೆ? 2016ರಲ್ಲಿ ಕೇಂದ್ರ ಸರಕಾರ ಬೋಲ್ಗಾರ್ಡ್-2 ಹತ್ತಿಯ ಪಾಕೀಟಿಗೆ 800 ರೂಪಾಯಿ ಗರಿಷ್ಠ ದರ ಕಟ್ಟಿತು. ಎಕರೆಗೆ ಎರಡು ಪಾಕೀಟು ಎಂದರೂ ಆ ಲೆಕ್ಕಕ್ಕೆ ಒಂದು ಗಿಡಕ್ಕೆ 22 ಪೈಸೆ. ದರ ಆಮೇಲೆ ಏರಿದೆ ನಿಜ. ಎಷ್ಟೇ ಏರಿದರೂ ಬೇರು ಬಿಟ್ಟ ಒಂದು ಕಡ್ಡಿಯ ಖರ್ಚಿಗೆ ಅದು ಹತ್ತಿರ ಬರುವುದಿಲ್ಲ, ನಿಮ್ಮ ಕೂಲಿ ಹಿಡಿದರಂತೂ ಇಲ್ಲವೇ ಇಲ್ಲ. ನಮ್ಮ ಹೆಣ್ಣುಮಕ್ಕಳು ತಮ್ಮ ಕೂಲಿಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಅದೇ ನನ್ನ ತಕರಾರು.

ದುಡ್ಡಿನದಷ್ಟೇ ಅಲ್ಲ. ಬೀಜದ ಗಿಡಕ್ಕೆ ತಾಯಿಬೇರು ಎರೆಯೊಳಗೆ ಆಳಕ್ಕೆ ಇಳಿಯುತ್ತದೆ. ಕಡ್ಡಿಯ ಗಿಡಕ್ಕೆ ಅಂಥ ತಾಯಿಬೇರು ಬರುವುದಿಲ್ಲ, ಸುತ್ತಲೂ ಹರಡುವ ಬೇರು ಮಾತ್ರ. ಕಾಲುವೆ ನೀರು ಇಲ್ಲದ ಹೊಲದಲ್ಲಿ ಮಳೆ ಹತ್ತು ದಿನ ತಡವಾದರೆ ಬಾಡುತ್ತದೆ. ತಾಯಿ ಗಿಡದ ರೋಗವೂ ಕಡ್ಡಿಯ ಜೊತೆ ಬರುತ್ತದೆ. ಇನ್ನೊಂದು ದೊಡ್ಡ ತೊಡಕು: ಜೂನಿನಲ್ಲಿ ನೆಡಲು ಕಡ್ಡಿ ಬೇಕಾದರೆ ಬೇಸಿಗೆಯಿಡೀ ಹತ್ತಿ ಗಿಡ ಹೊಲದಲ್ಲಿ ನಿಂತಿರಬೇಕು. ಗುಲಾಬಿ ಕಾಯಿಕೊರಕ ಹುಳ ಕಾಯುವುದು ಅದನ್ನೇ. ಬೆಳೆ ಮುಗಿದ ಕೂಡಲೇ ಗಿಡ ಕಿತ್ತು ತೆಗೆಯಿರಿ ಎಂದು ಕೃಷಿ ಇಲಾಖೆಯವರು ಹೇಳುವುದು ಈ ಹುಳದ ಸರಪಳಿ ಕಡಿಯಲಿಕ್ಕೆ. ಅತ್ತೆಯ ಮೂರು ಗಿಡಕ್ಕೂ ಇದನ್ನೇ ಹೇಳಿದೆ. ಕೀಳಲು ಒಪ್ಪಲಿಲ್ಲ, ದೇವರ ಮುಂದಿನ ಬತ್ತಿಗೆ ಬೇಕಂತೆ. ಕಡೆಗೆ, ಒಡೆಯದ ಕಾಯಿ, ಉದುರಿದ ಮೊಗ್ಗು ಎಲ್ಲಾ ಆರಿಸಿ ಸುಡಬೇಕು ಎಂಬ ಕರಾರಿಗೆ ಬಂದೆವು.

ಹಾಗಾದರೆ ಹತ್ತಿಯ ಕಡ್ಡಿ ಯಾರಿಗೂ ಬೇಡವೇ? ಬೇಕು, ಸಂಶೋಧನೆ ಮಾಡುವವರಿಗೆ. ಅವರ ಬಳಿ ಕೆಲವೊಮ್ಮೆ ಬೀಜವೇ ಕಟ್ಟದ ಬೆರಕೆ ಗಿಡ ಹುಟ್ಟುತ್ತದೆ. ಅದು ಸತ್ತರೆ ವರ್ಷಗಳ ಶ್ರಮ ಹೋಯಿತು. ಅದನ್ನು ಕಡ್ಡಿ ಊರಿ, ಕಸಿ ಕಟ್ಟಿ ಜೀವ ಹಿಡಿದಿಡುತ್ತಾರೆ. ಬೀಜ ಕಟ್ಟದ ಗಿಡ ಎಂದರೇನು? ಅದೇ ಸೊಸೆಯ ಪ್ರಶ್ನೆ.

ವರ್ಣತಂತು ಎರಡರಷ್ಟು ಮಾಡುವುದು

ಜವಾರಿ ಹತ್ತಿಯಲ್ಲಿ ವರ್ಣತಂತುಗಳು 26, ಅಂದರೆ 13 ಜೋಡಿ ಎತ್ತು. ಅಮೆರಿಕನ್ ಮತ್ತು ಈಜಿಪ್ಟಿನ ಹತ್ತಿಯಲ್ಲಿ 52, ಅಂದರೆ 26 ಜೋಡಿ. ವರಲಕ್ಷ್ಮಿಯ ತಾಯಿ-ತಂದೆ ಇಬ್ಬರೂ 52ರ ಮನೆಯವರು. ಆದ್ದರಿಂದ ಜೋಡಿ ಸರಿ ಕೂಡಿತು, ಗಿಡ ಕಾಯಿ ಕಟ್ಟಿತು.

ಈಗ ಜವಾರಿಗೂ ಅಮೆರಿಕನ್‌ಗೂ ಮದುವೆ ಮಾಡಿ. ಜವಾರಿ ಹತ್ತಿಯ ತಾಳಿಕೆ ಅಮೆರಿಕನ್ ಹತ್ತಿಗೆ ಬರಲಿ ಎಂಬ ಆಸೆ. ಮಕ್ಕಳಿಗೆ ಹೋಗುವುದು ಅರ್ಧರ್ಧ: ಒಂದು ಕಡೆಯಿಂದ 13, ಇನ್ನೊಂದು ಕಡೆಯಿಂದ 26. ಒಟ್ಟು 39 ಎತ್ತು ಒಂದೇ ಕೊಟ್ಟಿಗೆಯಲ್ಲಿ. ಅಮೆರಿಕನ್ ಕಡೆಯ 26ರಲ್ಲಿ 13 ನಮ್ಮ ಜವಾರಿಯ ಬಳಗದವೇ, ಅವು ಜವಾರಿಯ 13ರ ಜೊತೆ ನೊಗಕ್ಕೆ ಬರುತ್ತವೆ. ಉಳಿದ 13 ಒಂಟಿ ಎತ್ತು. ನೊಗಕ್ಕೆ ಜೊತೆ ಇಲ್ಲ. ಗಿಡ ಬೆಳೆಯುತ್ತದೆ, ಹೂ ಬಿಡುತ್ತದೆ, ಆದರೆ ಪರಾಗ ಜೊಳ್ಳು, ಕಾಯಿ ನಿಲ್ಲುವುದಿಲ್ಲ. ಕುದುರೆ-ಕತ್ತೆಗೆ ಹುಟ್ಟಿದ ಹೇಸರಗತ್ತೆ ಮರಿ ಹಾಕುವುದಿಲ್ಲವಲ್ಲ, ಹೆಚ್ಚುಕಡಿಮೆ ಹಾಗೆ.

ಪ್ರತಿ ಒಂಟಿ ಎತ್ತಿಗೂ ಅದರದೇ ಅವಳಿಯನ್ನು ಕೊಟ್ಟರೆ? 39 ಇದ್ದದ್ದು 78 ಆಗುತ್ತದೆ. ಎಲ್ಲಕ್ಕೂ ಜೊತೆ ಸಿಕ್ಕಿತು, ಗಿಡ ಬೀಜ ಕೊಡುವ ದಾರಿ ತೆರೆಯಿತು. ಇದನ್ನು ಮಾಡುವ ಔಷಧ ಕೊಲ್ಚಿಸಿನ್. ಗಿಡ ಬೆಳೆಯುವಾಗ ಒಂದು ಜೀವಕೋಶ ಎರಡಾಗುತ್ತದೆ. ಮೊದಲು ವರ್ಣತಂತುಗಳು ಎರಡರಷ್ಟಾಗಿ, ಆಮೇಲೆ ಆಚೆ ಅರ್ಧ, ಈಚೆ ಅರ್ಧ ಪಾಲಾಗುತ್ತವೆ. ಕೊಲ್ಚಿಸಿನ್ ಈ ಪಾಲು ಆಗದಂತೆ ತಡೆಯುತ್ತದೆ. ಹಿಸ್ಸೆಯಾಗದ ಮನೆಯಂತೆ ಎಲ್ಲವೂ ಒಂದೇ ಕೋಶದಲ್ಲಿ ಉಳಿಯುತ್ತದೆ. ಬಹಳ ತೆಳುವಾದ ದ್ರಾವಣದಲ್ಲಿ ಅರಳೆ ಅದ್ದಿ ಚಿಗುರಿನ ಕುಡಿಯ ಮೇಲಿಡುತ್ತಾರೆ. ಹತ್ತಿಗೆ ಹತ್ತಿಯಿಂದಲೇ ಮದ್ದು. ಎಷ್ಟೋ ಕುಡಿ ಸಾಯುತ್ತವೆ, ಕೆಲವು ಮಾತ್ರ ದಪ್ಪ ಎಲೆಯ, ನಿಧಾನವಾಗಿ ಬೆಳೆಯುವ ಹೊಸ ಟೊಂಗೆಯಾಗಿ ಬರುತ್ತವೆ. ಈ ಗುಣ ವಿಜ್ಞಾನಿಗಳಿಗೆ ಚೆನ್ನಾಗಿ ತಿಳಿದದ್ದು 1937ರಲ್ಲಿ. 1940ರಲ್ಲಿ ಅಮೆರಿಕದಲ್ಲಿ ಬೀಸ್ಲಿ ಎಂಬುವರು ನಮ್ಮ ಏಷ್ಯಾದ ಹತ್ತಿ ಮತ್ತು ಅಮೆರಿಕದ ಒಂದು ಕಾಡು ಹತ್ತಿ, ಎರಡೂ 26ರವು, ಕೂಡಿಸಿ ಕೊಲ್ಚಿಸಿನ್ನಿನಿಂದ 52 ಮಾಡಿದರು. ಅದು 52ರ ಅಮೆರಿಕನ್ ಹತ್ತಿಯ ಜೊತೆ ಕೂಡಿ ಬೀಜ ಕಟ್ಟಿತು. ಅಂದರೆ ನಾವು ಹೊರಗಿನದು ಅನ್ನುವ ಅಮೆರಿಕನ್ ಹತ್ತಿ ಹತ್ತಿಪ್ಪತ್ತು ಲಕ್ಷ ವರ್ಷಗಳ ಹಿಂದೆ ಇದೇ ರೀತಿ ತಾನಾಗಿ ಹುಟ್ಟಿದ ಬೆರಕೆ, ಅದರ ಅರ್ಧ ರಕ್ತ ನಮ್ಮ ಜವಾರಿಯ ಬಳಗದ್ದು. ಇದನ್ನು ಓದಿದಾಗ ನನಗೆ ಖುಷಿಯಾಯಿತು. ಜಾತಿ ಜಾತಿ ಎಂದು ಹೊಡೆದಾಡುವವರಿಗೆ ಒಮ್ಮೆ ಹತ್ತಿ ಗಿಡ ತೋರಿಸಬೇಕು.

ಬೀಜವಿಲ್ಲದ ಕಲ್ಲಂಗಡಿಯ ಗುಟ್ಟೂ ಇದೇ ಲೆಕ್ಕ. 22ರ ಕಲ್ಲಂಗಡಿಯನ್ನು 44 ಮಾಡಿ, ಮತ್ತೆ 22ರದಕ್ಕೆ ಕೂಡಿಸಿದರೆ 33. ಒಂಟಿ ಎತ್ತು, ಬೀಜ ಇಲ್ಲ.

ಆದರೆ ಸೊಸೆಯ ಆಸೆ ಇದರಿಂದ ತೀರುವುದಿಲ್ಲ. ವರ್ಣತಂತು ಎರಡರಷ್ಟು ಮಾಡುವುದು ಬಂಜೆ ಗಿಡಕ್ಕೆ ಬೀಜ ಕೊಡುವ ಉಪಾಯ. ನಾವು ಬಿತ್ತುವ ಹೈಬ್ರಿಡ್ ಬಂಜೆ ಅಲ್ಲ. ಅದಕ್ಕೆ ಬೀಜ ಇದೆ, ಬೀಜದಲ್ಲಿ ಬೆರಕೆ ಚದುರುವುದೇ ತೊಂದರೆ. 52ರ ಹೈಬ್ರಿಡ್ಡನ್ನು 104 ಮಾಡಿದರೂ ಎರಡೂ ಮನೆತನದ ಎತ್ತುಗಳು ತಮ್ಮೊಳಗೆ ಅದಲು ಬದಲಾಗಿ ಕೂಡುತ್ತವೆ, ಚದುರುವುದು ನಿಲ್ಲುವುದಿಲ್ಲ. ಗಿಡವೂ ಮಂದ, ಕಾಯಿಯೂ ಕಡಿಮೆ. 78ರ ಗಿಡವೂ ಹೊಲಕ್ಕೆ ಬರುವಂಥದ್ದಲ್ಲ. ಅದನ್ನು ಮತ್ತೆ ಮತ್ತೆ ಅಮೆರಿಕನ್ ಹತ್ತಿಗೆ ಕೂಡಿಸಿ, ಹಲವು ವರ್ಷ ಆರಿಸಿ, ಬೇಕಾದ ಒಂದು ಗುಣವನ್ನು 52ರ ಗಿಡಕ್ಕೆ ಇಳಿಸಬೇಕು. ಅದು ಸಂಶೋಧನಾ ಕೇಂದ್ರದ ಕೆಲಸ, ನಮ್ಮ ಹಿತ್ತಲಿನದಲ್ಲ.

ಒಂದು ಎಚ್ಚರಿಕೆ. ಕೊಲ್ಚಿಸಿನ್ ಕಡು ವಿಷ. ಮಳೆಗಾಲದಲ್ಲಿ ಬೇಲಿಯ ಮೇಲೆ ಹಬ್ಬಿ ಬೆಂಕಿಯ ಹಾಗೆ ಕೆಂಪು-ಹಳದಿ ಹೂ ಬಿಡುವ ಅಗ್ನಿಶಿಖೆ, ಕೆಲವರು ಗೌರಿ ಹೂ ಎನ್ನುತ್ತಾರೆ, ಅದರ ಗಡ್ಡೆಯಲ್ಲೂ ಬೀಜದಲ್ಲೂ ಇರುವುದು ಇದೇ ವಿಷ. ಗೆಣಸೆಂದು ಮಕ್ಕಳು ಕಚ್ಚಿಯಾರು. ತಿಂದದ್ದು ಗೊತ್ತಾದರೆ ಮನೆ ಮದ್ದು ಮಾಡುತ್ತಾ ಕೂರಬೇಡಿ, ಗಡ್ಡೆಯ ಚೂರನ್ನೂ ಹಿಡಿದುಕೊಂಡು ನೇರ ದೊಡ್ಡ ಆಸ್ಪತ್ರೆಗೆ ಓಡಿ. ಬೀಜಕ್ಕೆ ಹಚ್ಚಿದರೆ ಕಾಯಿ ಎರಡರಷ್ಟು ಎಂದು ಯಾರಾದರೂ ಪುಡಿ ಮಾರಲು ಬಂದರೆ ಬಾಗಿಲಲ್ಲೇ ಕಳಿಸಿ.

ಹಾಗಾದರೆ ನಾವು ಮಾಡಬೇಕಾದ್ದು

ಕಡ್ಡಿಯೂ ಆಗಲಿಲ್ಲ, ವರ್ಣತಂತುವೂ ಆಗಲಿಲ್ಲ. ಹೈಬ್ರಿಡ್ ಬೇಕೆಂದರೆ ಪ್ರತಿ ವರ್ಷ ಯಾರೋ ಮೊಗ್ಗು ಬಿಡಿಸಲೇಬೇಕು. ತಾಯಿ ಗಿಡದಲ್ಲಿ ಪರಾಗವೇ ಬಾರದಂಥ ತಳಿಗಳಿವೆ, ಅಲ್ಲಿ ಮೊಗ್ಗು ಬಿಡಿಸುವ ಕೆಲಸ ತಪ್ಪುತ್ತದೆ, ಪರಾಗ ಸವರುವುದು ತಪ್ಪುವುದಿಲ್ಲ.

ಈ ಕೆಲಸಕ್ಕೆ ಹೆಣ್ಣುಮಕ್ಕಳನ್ನೇ, ಅದರಲ್ಲೂ ಸಣ್ಣ ಹುಡುಗಿಯರನ್ನೇ ಕರೆಯುತ್ತಿದ್ದರು. "ಗಿಡದ ಎತ್ತರಕ್ಕ ಸರಿ ಬರ್ತಾರ, ಬೆರಳು ಸಣ್ಣವು" ಎನ್ನುವುದು ನೆಪ. ಕೂಲಿ ಕಡಿಮೆ ಕೊಡಬಹುದು ಎನ್ನುವುದು ನಿಜ. ಕ್ರಾಸಿಂಗ್ ಸುಗ್ಗಿ ಬರುವುದು ಶಾಲೆ ನಡೆಯುವ ತಿಂಗಳಲ್ಲಿ. ಎರಡು ತಿಂಗಳು ತಪ್ಪಿಸಿದ ಹುಡುಗಿ ಮತ್ತೆ ಶಾಲೆಗೆ ಹೋಗುವುದಿಲ್ಲ, ಅದನ್ನು ನಾನು ಎಷ್ಟು ಮನೆಯಲ್ಲಿ ನೋಡಿದೆನೋ ಲೆಕ್ಕವಿಲ್ಲ. ಔಷಧಿ ಹೊಡೆದ ಗಿಡದ ನಡುವೆಯೇ ದಿನವಿಡೀ ಇರುವ ಕೆಲಸ ಅದು. 2016ರ ತಿದ್ದುಪಡಿಯಾದ ಕಾನೂನಿನ ಪ್ರಕಾರ 14 ವರ್ಷದೊಳಗಿನ ಮಕ್ಕಳನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವ ಹಾಗಿಲ್ಲ. ಶಾಲೆ ಬಿಟ್ಟ ಮೇಲೆ ಸ್ವಂತ ಮನೆಯವರಿಗೆ ನೆರವಾಗುವುದಕ್ಕೆ ವಿನಾಯಿತಿ ಇದೆ. ಮೊಗ್ಗು ಬಿಡಿಸಲು ಬೇಕಾದ್ದು ಸಣ್ಣ ಬೆರಳಲ್ಲ, ತಾಳ್ಮೆಯ ಬೆರಳು. ಅದು ನಿಮ್ಮಲ್ಲಿದೆ. ಸಂಘದವರು ಗುಂಪಾಗಿ ಹೋಗಿ, ಕೂಲಿ ಮೊದಲೇ ಮಾತಾಡಿಕೊಂಡು ಕೆಲಸ ಹಿಡಿದರೆ ಹುಡುಗಿಯರಿಗೆ ಕರೆ ಬರುವುದೇ ಕಡಿಮೆಯಾಗುತ್ತದೆ.

ಬೀಜ ಕೊಳ್ಳುವಾಗ ಪಾಕೀಟು ಮುಚ್ಚಿದ್ದಿರಬೇಕು, ಮೇಲೆ ಚೀಟಿ, ಲಾಟ್ ನಂಬರು, ಅವಧಿ, ದರ ಇರಬೇಕು. ದರವನ್ನು 2015ರ ಆದೇಶದಂತೆ ಕೇಂದ್ರ ಸರಕಾರ ಗೊತ್ತು ಮಾಡುತ್ತದೆ. ಅದಕ್ಕಿಂತ ಒಂದು ರೂಪಾಯಿ ಹೆಚ್ಚು ಕೇಳಿದರೂ ರೈತ ಸಂಪರ್ಕ ಕೇಂದ್ರಕ್ಕೆ ಹೇಳಿ. ರಸೀದಿ, ಖಾಲಿ ಪಾಕೀಟು, ಒಂದು ಹಿಡಿ ಬೀಜ, ಮೂರನ್ನೂ ಬೆಳೆ ಮನೆಗೆ ಬರುವ ತನಕ ಟ್ರಂಕಿನಲ್ಲಿ ಇಡಿ. ಬೀಜ ಕೆಟ್ಟದ್ದಾದರೆ ರೈತರು ಗ್ರಾಹಕರ ನ್ಯಾಯಾಲಯಕ್ಕೂ ಹೋಗಬಹುದು ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿದೆ. ಕುರುಗೋಡಿನ ಆ ಇಬ್ಬರಿಗೆ ಈ ದಾರಿ ಇರಲಿಲ್ಲ, ಕೈಯಲ್ಲಿ ಒಂದು ಚೂರು ಕಾಗದವೂ ಇರಲಿಲ್ಲವಾದ್ದರಿಂದ.

ಮನೆಯ ಬೀಜವೇ ಬೇಕೆನ್ನುವವರಿಗೆ ದಾರಿ ಮುಚ್ಚಿಲ್ಲ. ಹೈಬ್ರಿಡ್ ಅಲ್ಲದ ತಳಿಗಳಿವೆ. ಜವಾರಿಯಲ್ಲಿ ಜಯಧರ, ಅಮೆರಿಕನ್ ಜಾತಿಯಲ್ಲಿ ಧಾರವಾಡದ ಸಹನಾ ಅಂಥವು. ಇವುಗಳ ಬೀಜ ಇಟ್ಟುಕೊಳ್ಳಬಹುದು, ಹಂಚಿಕೊಳ್ಳಬಹುದು. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆ ಈ ಹಕ್ಕು ಕೊಟ್ಟಿದೆ, ಕಂಪನಿಯ ಹೆಸರು ಹಾಕಿ ಮಾತ್ರ ಮಾರುವಂತಿಲ್ಲ. ಇಳುವರಿ ಹೈಬ್ರಿಡ್‌ನಷ್ಟು ಬರುತ್ತದೆ ಎಂದು ನಾನು ಸುಳ್ಳು ಹೇಳುವುದಿಲ್ಲ. ನೀರಿಲ್ಲದ, ಸಾಲಕ್ಕೆ ಹೆದರುವ ಎರಡು ಎಕರೆಯವರಿಗೆ ಖರ್ಚು ಕಡಿಮೆಯಾದರೆ ಅದೂ ಲಾಭವೇ. ಬೀಜಕ್ಕೆ ಇಡುವಾಗ ರೋಗವಿಲ್ಲದ, ಒಂದೇ ಸಮ ಇರುವ ಗಿಡ ಗುರುತಿಸಿ, ಹೊಲದ ನಡುವಿನದ್ದನ್ನೇ ಬಿಡಿಸಿ. ಅಂಚಿನ ಗಿಡಕ್ಕೆ ಪಕ್ಕದ ಹೊಲದ ಪರಾಗವನ್ನು ಜೇನು ತಂದಿರುತ್ತದೆ. ಯಾವ ತಳಿ ಯಾವ ಹೊಲಕ್ಕೆ, ಬೀಜ ಎಲ್ಲಿ ಸಿಗುತ್ತದೆ ಎನ್ನುವುದನ್ನು ಹಗರಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ, ಸಿರುಗುಪ್ಪದ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕೇಳಿ. ಒಬ್ಬೊಬ್ಬರೇ ಹೋಗಬೇಡಿ, ಐದಾರು ಮಂದಿ ಕೂಡಿ ಹೋಗಿ.

ಸಭೆಯಲ್ಲಿ ಮಾತಾಡಲು

ನಮ್ಮ ಸಂಘದಲ್ಲಿ ಈ ವರ್ಷ ಬೀಜಕ್ಕೆ ಸಾಲ ಪಡೆದವರು ರಸೀದಿ, ಪಾಕೀಟು ಇಟ್ಟುಕೊಂಡಿದ್ದಾರೆಯೇ? ಸಾಲದ ಅರ್ಜಿಯಲ್ಲಿ ಯಾವ ಬೀಜ, ಯಾವ ಅಂಗಡಿ ಎಂದು ಬರೆಸುವ ನಿಯಮ ಮಾಡೋಣವೇ?

ಕ್ರಾಸಿಂಗ್ ಸುಗ್ಗಿಯಲ್ಲಿ ನಮ್ಮ ಓಣಿಯಿಂದ ಶಾಲೆ ತಪ್ಪಿಸಿದ ಹುಡುಗಿಯರು ಎಷ್ಟು? ಅವರ ಮನೆಗೆ ಯಾರು ಯಾರು ಹೋಗುತ್ತೀರಿ?

ಜವಾರಿ ಹತ್ತಿ ಬೀಜ ಯಾರ ಮನೆಯಲ್ಲಾದರೂ ಉಳಿದಿದೆಯೇ? ಇದ್ದರೆ ಮುಂದಿನ ಸಭೆಗೆ ಒಂದು ಹಿಡಿ ತನ್ನಿ.